ಕ್ಯಾಲಥಿಯಾ ಕುಂಡದಲ್ಲೇ ಇರಲಿ

ಬೆಳೆಗಾರರ ಮನೆಮಕ್ಕಳು ಬೆಂಗಳೂರಿನಲ್ಲಿ ನೆಲೆಸಿರುವುದು ಈಗ ಸಾಮಾನ್ಯ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂಥ ಕಡೆ ಒತ್ತೊತ್ತಾಗಿ ಮನೆಗಳೆದ್ದು, ಬಿಸಿಲು ಬೀಳದ ಮೂರಡಿ ಓಣಿಯೇ ಅನೇಕರ ಕೈದೋಟ. ಅಂಥ ನೆರಳಿಗೆ ಹೇಳಿ ಮಾಡಿಸಿದ ಗಿಡ ಕ್ಯಾಲಥಿಯಾ. ಇದನ್ನು ಬೆಳೆಸುವುದು ಹೂವಿಗಲ್ಲ, ಎಲೆಗೆ. ನಾವು ಗಂಜಿಗೆ ಬಳಸುವ ಆರಾರೂಟಿನ ಕುಟುಂಬಕ್ಕೇ ಸೇರಿದ್ದು. ಬ್ರೆಜಿಲ್ ಮೂಲದ ಜೀಬ್ರಾ ಜಾತಿಯಲ್ಲಿ ಎಲೆಯ ಮೇಲೆ ಹಸಿರು ಪಟ್ಟೆ, ಅಡಿಯಲ್ಲಿ ನೇರಳೆ ಛಾಯೆ. ಸಂಜೆಯಾದೊಡನೆ ಎಲೆಗಳು ಮೇಲಕ್ಕೆ ಮಡಚಿ ನಿಲ್ಲುವುದನ್ನು ನೋಡಿಯೇ ತಿಳಿಯಬೇಕು.

ಬಯಲುಸೀಮೆಯ ಒಣ ಹವೆಗೂ ಕೊಳವೆಬಾವಿಯ ಲವಣದ ನೀರಿಗೂ ಇದರ ಎಲೆಯಂಚು ಸುಡುತ್ತದೆ. ಮಳೆನೀರು ಹಿಡಿದಿಟ್ಟು ಹಾಕುವುದು ಮೇಲು. ಮಲೆನಾಡಿನಲ್ಲಿ ಆ ತಾಪತ್ರಯ ಕಡಿಮೆ. ಆದ್ದರಿಂದಲೇ, ಹಬ್ಬಕ್ಕೆ ಬಂದ ಮಗಳು ಪ್ರೀತಿಯಿಂದ ತಂದುಕೊಟ್ಟ ಗಿಡವನ್ನು ಅಡಿಕೆ ಮರದ ಬುಡದಲ್ಲಿ ನೆಡೋಣವೆಂದು ಯಾರಿಗಾದರೂ ಅನ್ನಿಸುತ್ತದೆ. ದಯವಿಟ್ಟು ನೆಡಬೇಡಿ.

ಬೇರು ಕೊರೆಯುವ ಒಂದು ಜಂತುಹುಳುವಿದೆ. ರ್‍ಯಾಡೋಫೋಲಸ್ ಸಿಮಿಲಿಸ್ ಎಂಬ ನೆಮಟೋಡ್. ಉದ್ದ ಒಂದು ಮಿಲಿಮೀಟರಿಗೂ ಕಡಿಮೆ, ಬರಿಗಣ್ಣಿಗೆ ಸಿಕ್ಕದು. 1893ರಲ್ಲಿ ಫಿಜಿ ದ್ವೀಪದ ಬಾಳೆಯ ಬೇರಿನಿಂದ ಇದನ್ನು ಮೊದಲು ವರ್ಣಿಸಲಾಯಿತು. ಕ್ಯಾಲಥಿಯಾ, ಆಂಥೂರಿಯಂಗಳ ಬೇರು ಇದಕ್ಕೆ ಬಲು ಪ್ರಿಯ. ಅಷ್ಟೇ ಪ್ರಿಯವಾದವು ಅಡಿಕೆ, ಬಾಳೆ ಮತ್ತು ಕಾಳುಮೆಣಸು! ಇಂಡೋನೇಷಿಯಾದ ಬಂಗ್ಕಾ ದ್ವೀಪದಲ್ಲಿ ಮೆಣಸಿನ ತೋಟಗಳು ಹಳದಿಯಾಗಿ ಹಾಳಾದುದು ಈ ಹುಳುವಿನಿಂದಲೇ. ನಮ್ಮಲ್ಲಿಯೂ ಮೆಣಸಿನ ನಿಧಾನ ಸೊರಗು ರೋಗದಲ್ಲಿ ಇದರ ಕೈವಾಡವಿದೆ. ಮಳೆ ನಿಂತು ತೇವ ಆರುತ್ತಿದ್ದಂತೆ, ಅಕ್ಟೋಬರ್ ಹೊತ್ತಿಗೆ, ಬಳ್ಳಿ ಹಳದಿಗಟ್ಟುತ್ತದೆ. ಮುಂಗಾರಿಗೆ ಚೇತರಿಸಿದಂತೆ ಕಂಡು ಮರುವರ್ಷ ಇನ್ನಷ್ಟು ಸೊರಗುತ್ತದೆ. ಹುಳು ಒಮ್ಮೆ ಮಣ್ಣಿಗಿಳಿದರೆ ಪೂರ್ತಿ ತೆಗೆಯುವ ಮಾರ್ಗವಿಲ್ಲ.

ಹಾಗೆಂದು ಗಿಡವನ್ನೇ ಬಿಡಬೇಕಿಲ್ಲ. ಜಗಲಿಯ ಸಿಮೆಂಟ್ ನೆಲದ ಮೇಲೆ, ಕುಂಡದ ನೀರು ತೋಟಕ್ಕೆ ಹರಿಯದಂತೆ ಇಟ್ಟರಾಯಿತು. ತೆಂಗಿನ ನಾರಿನ ಪುಡಿ, ಕಳಿತ ತರಗೆಲೆ, ಸ್ವಲ್ಪ ಮರಳು ಬೆರೆಸಿ ತುಂಬಿ, ನೀರು ನಿಲ್ಲಬಾರದು. ಮಳೆಗಾಲದ ಆರಂಭದಲ್ಲಿ ಎರಡು ಮೂರು ಕಂದುಗಳಿರುವಂತೆ ಬುಡ ಬಿಡಿಸಿ ನೆಟ್ಟರೆ ಗಿಡ ಹೆಚ್ಚುತ್ತದೆ. ಕೊಳ್ಳುವುದಾದರೆ ಅಂಗಾಂಶ ಕೃಷಿಯ ಸಸಿಯೇ ಕ್ಷೇಮ. ಹೊಸ ಗಿಡದ ಬೇರು ಬಿಡಿಸಿ ನೋಡಿ: ಕೆಂಗಂದು ಗೆರೆ ಮೂಡಿ ಕೊಳೆತಿದ್ದರೆ ಗಿಡವನ್ನು ಸುಟ್ಟುಬಿಡಿ. ಬೇರು ಬೆಳ್ಳಗಿದ್ದ ಮಾತ್ರಕ್ಕೆ ಹುಳುವಿಲ್ಲವೆಂದು ನಂಬಲಾಗದು. ಕುಂಡದ ಹಳೆಯ ಮಣ್ಣನ್ನು ಗೊಬ್ಬರವೆಂದು ಮೆಣಸಿನ ಬುಡಕ್ಕೆ ಸುರಿಯಬೇಡಿ. ಈಗಾಗಲೇ ತೋಟದಲ್ಲಿ ನೆಟ್ಟವರು ಪಕ್ಕದ ಬಳ್ಳಿಯ ಎಳೆಬೇರನ್ನು ಮಣ್ಣಿನ ಸಮೇತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ವಿಚಾರಿಸುವುದು ಒಳ್ಳೆಯದು.