ಎರಡೇ ಅಕ್ಷರದ ದನ

ಸ್ಕ್ರ್ಯಾಬಲ್ ಆಡುವಾಗ ಝಡ್ ಬಿಲ್ಲೆ ಕೈಗೆ ಬಂದರೆ ಖುಷಿಯೂ ಹೌದು, ತಲೆನೋವೂ ಹೌದು. ಅದಕ್ಕೆ 10 ಅಂಕ. ಆದರೆ ಅದನ್ನು ಇಳಿಸಲು ಜಾಗ ಸಿಗಬೇಕಲ್ಲ! ಪಳಗಿದವರು ಪಕ್ಕಕ್ಕೊಂದು ಓ ಇಟ್ಟು ‘ಝೋ’ ಎಂದು ಕೆಲಸ ಮುಗಿಸುತ್ತಾರೆ. 11 ಅಂಕ. ನಡುವೆ ಎಚ್ ತೂರಿಸಿದರೆ 15, ಮುಂದೆ ಡಿಯನ್ನೂ ಸೇರಿಸಿದರೆ 17. ಟಿಬೆಟನ್ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದದ್ದರ ಲಾಭ ಇದು. ಅಮೆರಿಕದ ಪದಪಟ್ಟಿಯಲ್ಲಿ ಎರಡಕ್ಷರದ ಝೋಗೆ ಪ್ರವೇಶವಿಲ್ಲ. ನಮ್ಮ ದೇಶದ ಪಂದ್ಯಗಳಲ್ಲಿ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿದೆ.

ಬಿಲ್ಲೆ ಬಿಟ್ಟು ಪ್ರಾಣಿಯ ಕಡೆ ಬರೋಣ. ಯಾಕ್ ಮತ್ತು ದನದ ಮಿಶ್ರತಳಿಯೇ ಝೋ. ಗಂಡು ಝೋ, ಹೆಣ್ಣು ಝೋಮೊ. ಲಡಾಖ್, ನೇಪಾಳ, ಟಿಬೆಟ್‌ಗಳಲ್ಲಿ ಗಂಡು ನೇಗಿಲು ಎಳೆಯುತ್ತದೆ, ಹೊರೆ ಹೊರುತ್ತದೆ. ಹೆಣ್ಣು ಯಾಕ್‌ಗಿಂತ ಹೆಚ್ಚು ಹಾಲು ಕೊಡುತ್ತದೆ.

ಈ ಬೆರಕೆ ಯಾಕೆ ಬೇಕಾಯಿತು? ಯಾಕ್ ಅಂದರೆ ನಮ್ಮ ದೇವಸ್ಥಾನಗಳ ಚಾಮರಕ್ಕೆ ಬಾಲದ ಕೂದಲು ಕೊಟ್ಟ ಚಮರೀಮೃಗ. ಅದಕ್ಕೆ ಚಳಿ ಸಲೀಸು, ಸೆಕೆ ಆಗದು. ತಗ್ಗಿನ ಕಣಿವೆಗೆ ಇಳಿದರೆ ಸೊರಗುತ್ತದೆ. ದನದ ಕಷ್ಟ ತಿರುಗುಮುರುಗು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಅದರ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆ ಇಕ್ಕಟ್ಟಿನಲ್ಲಿ ರಕ್ತ ನೂಕಿ ನೂಕಿ ಹೃದಯದ ಬಲಭಾಗ ಸೋಲುತ್ತದೆ. ಕಾಯಿಲೆ ಹೊರಗೆ ಕಾಣುವುದು ಗಂಗೆದೊಗಲಿನಲ್ಲಿ: ನೀರು ತುಂಬಿ ಊದಿ ಜೋತು ಬೀಳುತ್ತದೆ. ಯಾಕ್‌ನ ರಕ್ತನಾಳಗಳು ಹಾಗೆ ಬಿಗಿಯುವುದಿಲ್ಲ. ಈ ಗುಣ ಝೋಗೂ ಬಂದಿದೆ. ಹಾಗಾಗಿ ಯಾಕ್‌ಗೆ ತೀರಾ ತಗ್ಗೂ ದನಕ್ಕೆ ತೀರಾ ಎತ್ತರವೂ ಆದ ನಡುವಿನ ಊರುಗಳಲ್ಲಿ ಅದರದೇ ದರ್ಬಾರು.

ಕುತೂಹಲದ ಸಂಗತಿ ಇನ್ನು ಮುಂದಿದೆ. ಗಂಡು ಝೋಗೆ ಮರಿ ಹುಟ್ಟಿಸುವ ಶಕ್ತಿ ಇಲ್ಲ, ಝೋಮೊ ಮಾತ್ರ ಸರಾಗವಾಗಿ ಈಯುತ್ತದೆ. ಹೇಸರಗತ್ತೆಯ ವಿಷಯದಲ್ಲಾದರೆ ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳು, ಲೆಕ್ಕವೇ ಹೊಂದುವುದಿಲ್ಲ ಎನ್ನಬಹುದು. ಯಾಕ್‌ಗೂ ದನಕ್ಕೂ ಸರಿಯಾಗಿ 60. ಆದರೂ ಗಂಡಿನಲ್ಲಿ ವೀರ್ಯಾಣು ತಯಾರಾಗುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಇಂಥದ್ದಕ್ಕೊಂದು ಸೂತ್ರ ಬರೆದವರು ಜೆ. ಬಿ. ಎಸ್. ಹಾಲ್ಡೇನ್, 1922ರಲ್ಲಿ. (ಇಂಗ್ಲೆಂಡ್ ಬಿಟ್ಟು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಇವರೇ.) ಎರಡು ಪ್ರಭೇದಗಳ ಬೆರಕೆಯಲ್ಲಿ ಒಂದು ಲಿಂಗ ಮಾತ್ರ ಕೆಟ್ಟರೆ, ಅದು ಬೇರೆ ಬೇರೆ ಬಗೆಯ ಎರಡು ಲಿಂಗ ವರ್ಣತಂತುಗಳಿರುವ ಲಿಂಗ ಎಂಬುದು ಅವರ ಸೂತ್ರ. ಸಸ್ತನಿಗಳಲ್ಲಿ ಎಕ್ಸ್-ವೈ ಇರುವ ಗಂಡು, ಹಕ್ಕಿಗಳಲ್ಲಿ ಹೆಣ್ಣು. ಹೆಣ್ಣು ಝೋಮೊಗೆ ಎರಡು ಎಕ್ಸ್ ಇರುವುದರಿಂದ ಒಂದರ ಹೊಂದಾಣಿಕೆಯ ದೋಷವನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ. ಗಂಡಿಗೆ ಆ ಅನುಕೂಲವಿಲ್ಲ. ಪೂರ್ತಿ ಕಾರಣ ಇಷ್ಟೇ ಅಲ್ಲ, ಆದರೆ ಮುಖ್ಯವಾದದ್ದು ಇದು.

ಝೋಮೊವನ್ನು ಹೋರಿಗೋ ಯಾಕ್‌ಗೋ ಕೊಟ್ಟರೆ ಹುಟ್ಟುವ ಕರುವಿನಲ್ಲಿ ತಾಯಿಯ ಕಸುವು ಉಳಿಯುವುದಿಲ್ಲ, ಸಾಕುವವರಿಗೂ ಅದರ ಮೇಲೆ ಅಷ್ಟಕ್ಕಷ್ಟೆ. ಒಳ್ಳೆಯ ಝೋ ಬೇಕೆಂದರೆ ಪ್ರತಿ ಸಲವೂ ಅಪ್ಪಟ ಯಾಕ್ ಮತ್ತು ಅಪ್ಪಟ ದನದಿಂದಲೇ ಶುರುಮಾಡಬೇಕು. ಹೀಗಾಗಿ ಝೋ ಸಾಕುವ ಸೀಮೆಯಲ್ಲಿ ಯಾಕ್ ಹಿಂಡು, ದನದ ಹಿಂಡು ಎರಡನ್ನೂ ಕೈಬಿಡುವಂತಿಲ್ಲ.