ಸಿಗ್ನಲ್ಲಿನಲ್ಲಿ ಮೊದಲು ಪೆಡಲ್, ಆಮೇಲೆ ಮೋಟಾರು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು ಇಂದಿರಾನಗರಕ್ಕೆ ಮರಳಲು ಎಲೆಕ್ಟ್ರಿಕ್ ಸೈಕಲ್ ಸಾಕೇ? ಅದರ ಮೋಟಾರು 250 ವಾಟ್, ಮನೆಯ ಮಿಕ್ಸಿಯ ಅರ್ಧದಷ್ಟು ಎಂದು ತಿಳಿದವರು ಹಿಂಜರಿಯುತ್ತಾರೆ. ಲೆಕ್ಕ ಹಾಕಿದರೆ ಧೈರ್ಯ ಬರುತ್ತದೆ.

ಸವಾರ, ಸೈಕಲ್, ಚೀಲ ಎಲ್ಲ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಚಕ್ರ ಉರುಳುವುದಕ್ಕೆ ಸುಮಾರು 10 ನ್ಯೂಟನ್, ಗಾಳಿಯಿಂದ ಸುಮಾರು 15 ನ್ಯೂಟನ್ ತಡೆ. ಎರಡನ್ನೂ ಮೀರಲು 175 ವಾಟ್ ಸಾಕು. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ವಾಟ್ ಬೇಕು. ಆದರೆ ಸಂಜೆಯ ಹಳೇ ಮದ್ರಾಸ್ ರಸ್ತೆಯಲ್ಲಿ ಆ ವೇಗ ಸ್ಕೂಟರಿನವರಿಗೂ ಸಿಗುವುದಿಲ್ಲ. ಹಲಸೂರು ಕೆರೆ ಕಡೆಯಿಂದ ಟ್ರಿನಿಟಿ ವೃತ್ತದತ್ತ ಏರುವಾಗಲೂ ಈ ಮೋಟಾರು ಸಾಕು. ನೂರು ಮೀಟರಿಗೆ ಮೂರು ಮೀಟರ್ ಏರಿದ್ದರೆ ವೇಗ 15ಕ್ಕೆ ಇಳಿಯಲಿ, 200 ವಾಟಿನೊಳಗೇ ಹತ್ತಿಬಿಡಬಹುದು.

ನಿಜವಾದ ಕಷ್ಟ ಇರುವುದು ನಿಂತು ಹೊರಡುವುದರಲ್ಲಿ. ತಿರುಗುವ ಮೋಟಾರು ಬ್ಯಾಟರಿಗೆ ಎದುರಾಗಿ ತಾನೂ ಒಂದು ವೋಲ್ಟೇಜ್ ಹುಟ್ಟಿಸುತ್ತದೆ. ಕರೆಂಟನ್ನು ಹದ್ದುಬಸ್ತಿನಲ್ಲಿಡುವುದು ಅದೇ. ನಿಂತ ಚಕ್ರದಲ್ಲಿ ಈ ಎದುರು ವೋಲ್ಟೇಜ್ ಸೊನ್ನೆ. ಕಂಟ್ರೋಲರ್ ಎಷ್ಟೇ ತಡೆದರೂ ಸುರುಳಿಗೆ ಭಾರಿ ಕರೆಂಟ್ ನುಗ್ಗುತ್ತದೆ. ಚಕ್ರ ಅಲುಗುವ ತನಕ ಅದೆಲ್ಲ ತಾಮ್ರದ ತಂತಿಯನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ. ಕರೆಂಟ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಇದನ್ನು ಬಿಟ್ಟರೂ, ನಿಂತಲ್ಲಿಂದ ಮತ್ತೆ 25ರ ವೇಗ ಮುಟ್ಟಲು ಬೇಕಾದ ಶಕ್ತಿಯಲ್ಲಿ ನೂರು ಮೀಟರ್ ದಾರಿ ಸಾಗಬಹುದಿತ್ತು. ಹತ್ತು ಸಲ ನಿಂತರೆ ಒಂದು ಕಿಲೋಮೀಟರ್ ಕೈಬಿಟ್ಟಂತೆ.

ಹಾಗಾಗಿ ಸಿಗ್ನಲ್ ಹತ್ತಿರವಾಗುತ್ತಲೇ ಗೇರ್ ಇಳಿಸಿ, ಹಸಿರು ಬಿದ್ದಾಗ ಎರಡು ಸುತ್ತು ತುಳಿದು, ಆಮೇಲೆ ಆಕ್ಸಿಲರೇಟರ್ ತಿರುಗಿಸಿ. ಮೋಟಾರಿಗೆ ಅತಿ ಕಷ್ಟವಾದ ಆ ಎರಡು ಸೆಕೆಂಡು ನಮ್ಮ ಕಾಲಿಗೆ ಬಲು ಸುಲಭ. ಬೆಂಗಳೂರಿನಲ್ಲೇ 2017ರಲ್ಲಿ ಶುರುವಾದ ಯುಲುವಿನಂಥ ಪೆಡಲ್ ಇಲ್ಲದ ಗಾಡಿಯಾದರೆ ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸುವುದೊಂದೇ ದಾರಿ. 250 ವಾಟ್, 25 ಕಿ.ಮೀ. ಮಿತಿಯೊಳಗಿನ ಇಂಥ ಹಗುರ ಗಾಡಿಗಳಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವಾಟ್-ಅವರ್ ಶಕ್ತಿ ಇರುತ್ತದೆ. ನಿಂತು ಹೊರಡುವ ಖರ್ಚೂ ಸೇರಿ ಕಿಲೋಮೀಟರಿಗೆ 12 ಎಂದರೂ 30 ಕಿ.ಮೀ. ಬರುತ್ತದೆ; ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಹೋಗಿಬರಬಹುದು. ರಾತ್ರಿ ಚಾರ್ಜಿಗೆ ಅರ್ಧ ಯೂನಿಟ್ ಸಾಕು. ಒಂದು ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 9 ಯೂನಿಟ್ ಶಕ್ತಿ. ಸ್ಕೂಟರ್ ಅದರಲ್ಲಿ ಹೆಚ್ಚಿನ ಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ. ಈ ಅಂತರ ನನಗೆ ಇಂದಿಗೂ ಬೆರಗು.

ಹೊಸ ಸವಾರರು ಗಾಬರಿಯಾಗುವ ಸಂಗತಿ ಇನ್ನೊಂದಿದೆ. ಚಾರ್ಜ್ ಇಳಿದಾಗ ಏರು ಹತ್ತಿದರೆ ಮೀಟರಿನ ಗೆರೆಗಳು ಒಮ್ಮೆಲೇ ಮಾಯವಾಗುತ್ತವೆ. ಹೆಚ್ಚು ಕರೆಂಟ್ ಎಳೆದಾಗ ಬ್ಯಾಟರಿಯ ಒಳರೋಧದಿಂದ ವೋಲ್ಟೇಜ್ ಕುಸಿಯುವುದೇ ಕಾರಣ. ಆಕ್ಸಿಲರೇಟರ್ ಬಿಟ್ಟು ತುಳಿಯುತ್ತ ಹೋದರೆ, ಸಮತಟ್ಟು ರಸ್ತೆ ಸಿಕ್ಕಾಗ ಒಂದೆರಡು ಗೆರೆ ಮತ್ತೆ ಮೂಡುತ್ತವೆ.