ಅಂಕಿ ಗಡಿಯಾರವನ್ನು ಕಟ್ಟುವ ಬಗೆ

ಗಡಿಯಾರವೆಂದೊಡನೆ ಕಣ್ಣೆದುರು ಬರುವುದು ದುಂಡು ಮುಖ, ಎರಡು ಮುಳ್ಳು, ಹನ್ನೆರಡು ಗುರುತು. ಮುಳ್ಳುಗಳಿಲ್ಲದೆ ಅಂಕಿಗಳಲ್ಲೇ ಹೊತ್ತನ್ನು ತೋರಿಸುವ ಡಿಜಿಟಲ್ ಗಡಿಯಾರವೂ ಈಗ ಅಪರೂಪವಲ್ಲ. ಎಲೆಕ್ಟ್ರಾನಿಕ್ಸ್ ಕಲಿಯುವ ವಿದ್ಯಾರ್ಥಿಗಳು ಪ್ರಾಜೆಕ್ಟೆಂದು ಮೊದಲು ಕೈಹಾಕುವುದು ಬಹುಮಟ್ಟಿಗೆ ಇದಕ್ಕೇ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿದ್ಧ ಫಲಕವೊಂದನ್ನು ಕೊಂಡು, ನಾಲ್ಕು ತಂತಿ ಬೆಸೆದು, ಡಬ್ಬಿಯಲ್ಲಿಟ್ಟು ಒಪ್ಪಿಸಿಬಿಟ್ಟರೆ ಅದನ್ನು ಗಡಿಯಾರ ಕಟ್ಟಿದುದೆಂದು ನಾನು ಒಪ್ಪಲಾರೆ. ಅದರ ಒಳಗುಟ್ಟು ತಿಳಿಯುವುದು ಎಣಿಕೆಯ ಐ.ಸಿ.ಗಳನ್ನು ಒಂದೊಂದಾಗಿ ಜೋಡಿಸಿದಾಗಲೇ. ಕಲಾ ವಿಭಾಗದ ಮಿತ್ರರು ಇಷ್ಟಕ್ಕೇ ಪುಟ ಮಗುಚಬೇಕಾಗಿಲ್ಲ. ಇಲ್ಲಿ ಬೇಕಾದುದು ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕ ಮಾತ್ರ.

ಯಾವ ಗಡಿಯಾರವೇ ಆಗಲಿ, ಅದು ಮಾಡುವ ಕೆಲಸ ಎಣಿಕೆ. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿದರು. ಅವರ ‘ಜನತಾ’ ಗಡಿಯಾರವನ್ನು ಕಿವಿಗೆ ಹಿಡಿದರೆ ಸೆಕೆಂಡಿಗೆ 5 ಬಡಿತ ಕೇಳಿಸುತ್ತಿತ್ತು. ಆ ಬಡಿತಗಳನ್ನು ಹಲ್ಲುಚಕ್ರಗಳು ಎಣಿಸಿ ಮುಳ್ಳುಗಳನ್ನು ತಿರುಗಿಸುತ್ತಿದ್ದುವು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಆದರೂ ಕೀಲಿ ಕೊಟ್ಟರೆ ಓಡುವ ‘ಜನತಾ’ಗಳು ಹಿರಿಯರ ಮಣಿಕಟ್ಟಿನಲ್ಲಿ ಇನ್ನೂ ಉಂಟು. ಅಂಕಿ ಗಡಿಯಾರದಲ್ಲಿ ಹಲ್ಲುಚಕ್ರದ ಸ್ಥಾನವನ್ನು ಐ.ಸಿ.ಯೂ, ಬಡಿತದ ಸ್ಥಾನವನ್ನು ವಿದ್ಯುತ್ ಸ್ಪಂದನವೂ ವಹಿಸಿಕೊಂಡಿವೆ.

ಎಣಿಸಿ ಅಳೆಯುವುದು ಶಿಡ್ಲಘಟ್ಟದವರಿಗೆ ಹೊಸದಲ್ಲ. ರೇಷ್ಮೆನೂಲಿನ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳಬೇಕಾದಾಗ, 1.125 ಮೀಟರ್ ಸುತ್ತಳತೆಯ ರಾಟೆಗೆ 400 ಸುತ್ತು ನೂಲು ಸುತ್ತಿ, ಆ 450 ಮೀಟರನ್ನು ತೂಗುವ ಪದ್ಧತಿಯುಂಟು. ಸುತ್ತುಗಳನ್ನು ಎಷ್ಟೇ ಜಾಗರೂಕತೆಯಿಂದ ಎಣಿಸಿದರೂ ರಾಟೆಯ ಸುತ್ತಳತೆಯೇ ತಪ್ಪಿದ್ದರೆ ನೂಲಿನ ಉದ್ದ ತಪ್ಪುತ್ತದೆ. ಗಡಿಯಾರದಲ್ಲಿಯೂ ಹೀಗೆಯೇ. ಐ.ಸಿ.ಗಳು ಎಣಿಕೆಯಲ್ಲಿ ತಪ್ಪುವುದು ವಿರಳ; ನೋಡಬೇಕಾದುದು ಎಣಿಸಲು ಕೊಡುವ ಸ್ಪಂದನ ಎಲ್ಲಿಂದ ಬಂದುದು ಎಂಬುದನ್ನು.

ಅನೇಕ ಹಳೆಯ ನಕ್ಷೆಗಳು ಆ ಸ್ಪಂದನವನ್ನು ಮನೆಯ ವಿದ್ಯುತ್ತಿನಿಂದಲೇ ಎರವಲು ಪಡೆಯುತ್ತವೆ. ನಮ್ಮ ಪರ್ಯಾಯ ಪ್ರವಾಹ ಸೆಕೆಂಡಿಗೆ 50 ಆವರ್ತ ಮಾಡುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಅದನ್ನು 9 ವೋಲ್ಟಿಗೆ ಇಳಿಸಿ, ಅಲೆಯನ್ನು ಚೌಕವಾಗಿ ಕತ್ತರಿಸಿ, 50ರಿಂದ ಭಾಗಿಸಿದರೆ ಸೆಕೆಂಡಿಗೊಂದು ಸ್ಪಂದನ ಸಿಕ್ಕಿತು. ಸುಲಭವೇನೋ ಹೌದು. ಆದರೆ ಆ 50 ಎಂಬುದು ಎಂದೂ ಕದಲದ ಸಂಖ್ಯೆಯಲ್ಲ. ದಕ್ಷಿಣ ಭಾರತದ ವಿದ್ಯುಜ್ಜಾಲ ಪ್ರತ್ಯೇಕವಾಗಿದ್ದು, ವಿದ್ಯುತ್ತಿನ ಕೊರತೆ ತೀವ್ರವಾಗಿದ್ದ ದಿನಗಳಲ್ಲಿ ಅದು 49ಕ್ಕೂ ಕೆಳಗಿಳಿಯುತ್ತಿದ್ದುದುಂಟು. ದಿನವಿಡೀ 49 ಇದ್ದರೆ ಗಡಿಯಾರ ಆ ದಿನ ಸುಮಾರು 29 ನಿಮಿಷ ಹಿಂದೆ ಬೀಳುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ನಮ್ಮ ಜಾಲ ಉಳಿದ ದೇಶದ ಜಾಲದೊಡನೆ ಸೇರಿತು. ಈಗ ನಿಯಮದ ಮಿತಿ 49.90ರಿಂದ 50.05. ಈ ಕೆಳಮಿತಿಯಲ್ಲೇ ಒಂದು ದಿನ ಕಳೆದರೂ ಸುಮಾರು 173 ಸೆಕೆಂಡಿನ ನಷ್ಟ.

ಇದಕ್ಕಿಂತ ದೊಡ್ಡ ತೊಂದರೆ ಕರೆಂಟ್ ಹೋಗುವುದು. ವಿದ್ಯುತ್ತಿನ ಅಲೆಯನ್ನೇ ಎಣಿಸುವ ಗಡಿಯಾರಕ್ಕೆ ಕರೆಂಟ್ ಹೋದೊಡನೆ ಎಣಿಸಲು ಏನೂ ಉಳಿಯದು. ಮರಳಿ ಬಂದಾಗ ಮನಸ್ಸಿಗೆ ಬಂದ ಅಂಕಿಯಿಂದ ಹೊರಡುತ್ತದೆ. ರಾತ್ರಿ ಹುಳುವಿಗೆ ಸೊಪ್ಪು ಹಾಕಲು ಎದ್ದವರಿಗೆ ಅದು ಥಳಥಳ ಹೊಳೆಯುತ್ತ ಸುಳ್ಳು ಹೊತ್ತನ್ನು ಹೇಳಿದರೆ, ಅದಕ್ಕಿಂತ ನಿಂತ ಗಡಿಯಾರವೇ ಮೇಲು; ನಿಂತಿದೆಯೆಂಬುದಾದರೂ ತಿಳಿಯುತ್ತದೆ. ಆದುದರಿಂದ ನಮ್ಮಂಥ ಊರಿನಲ್ಲಿ ಕಟ್ಟುವ ಗಡಿಯಾರದಲ್ಲಿ, ದೀಪದ ಅಂಕಿಗಳು ಆರಿದರೂ ಒಳಗಿನ ಲೆಕ್ಕ ನಿಲ್ಲಬಾರದು. ಐ.ಸಿ.ಗಳ ಆಯ್ಕೆಯೆಲ್ಲ ಇದನ್ನೇ ಅವಲಂಬಿಸಿದೆ.

ಸ್ಪಂದನಕ್ಕೆ ಕ್ವಾರ್ಟ್ಜ್ ಹರಳು ತಕ್ಕದ್ದು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಲೋಹದ ಕೊಳವೆಯೊಳಗಿರುವ ಈ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯೇ ಏಕೆ? 2ನ್ನು 15 ಬಾರಿ ಗುಣಿಸಿದರೆ ಬರುವುದು ಇದೇ; ಆದಕಾರಣ 15 ಬಾರಿ ಅರ್ಧ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ. ಸಿ.ಡಿ. 4060 ಎಂಬ ಐ.ಸಿ. ಹರಳನ್ನು ಕಂಪಿಸುವಂತೆ ಮಾಡಿ, 14 ಬಾರಿ ಅರ್ಧಿಸಿ, ಸೆಕೆಂಡಿಗೆ 2 ಸ್ಪಂದನ ಕೊಡುತ್ತದೆ. ಉಳಿದ ಒಂದು ಅರ್ಧಕ್ಕೆ ಸಿ.ಡಿ. 4013 ಸಾಕು.

ಇನ್ನು ಕೂಡುವ ಲೆಕ್ಕ. ಬಿಡಿಸ್ಥಾನದಲ್ಲಿ 9 ದಾಟಿದರೆ ಸೊನ್ನೆ ಬರೆದು ದಶಕಸ್ಥಾನಕ್ಕೆ ಒಂದನ್ನು ಒಯ್ಯುತ್ತೇವಷ್ಟೆ? ಸಿ.ಡಿ. 4518 ಮಾಡುವುದೂ ಅದನ್ನೇ. ಒಂದು ಐ.ಸಿ.ಯಲ್ಲಿ ಇಂತಹ ಎರಡು ಎಣಿಕೆಗಳಿರುವುದರಿಂದ ಆರು ಅಂಕಿಗಳಿಗೆ ಮೂರು ಐ.ಸಿ. ಬೇಕು. ಆದರೆ ಸೆಕೆಂಡಿನ ದಶಕಸ್ಥಾನ 9ರವರೆಗೆ ಹೋಗಬಾರದು, 5ಕ್ಕೇ ನಿಲ್ಲಬೇಕು. ಇಲ್ಲಿ ಒಂದು ಸೊಗಸಾದ ಉಪಾಯವಿದೆ. ಎಣಿಕೆಯ ನಾಲ್ಕು ತಂತಿಗಳಿಗೆ ಕ್ರಮವಾಗಿ 1, 2, 4, 8ರ ಬೆಲೆ. 6 ಬಂದಾಗ 2ರ ತಂತಿ, 4ರ ತಂತಿ ಎರಡೂ ಒಟ್ಟಿಗೆ ಜೀವಂತವಾಗುತ್ತವೆ. ಅದಕ್ಕಿಂತ ಮೊದಲು ಎಂದೂ ಹಾಗಾಗುವುದಿಲ್ಲ. ‘ಎರಡೂ ಇದ್ದರೆ ಮಾತ್ರ’ ಎಂದು ಹೇಳುವ ಆ್ಯಂಡ್ ಗೇಟಿಗೆ ಅವನ್ನು ಕೊಟ್ಟು, ಅದರ ಉತ್ತರವನ್ನು ರೀಸೆಟ್ಟಿಗೆ ಜೋಡಿಸಿದರೆ, 6 ಹುಟ್ಟಿದ ಕ್ಷಣದಲ್ಲೇ ಸೊನ್ನೆಯಾಗುತ್ತದೆ. ಆ 6 ಕಣ್ಣಿಗೆ ಕಾಣಿಸಲಾರದಷ್ಟು ಅಲ್ಪಾಯು. ನಿಮಿಷಕ್ಕೂ ಇದೇ ಏರ್ಪಾಡು. ಗಂಟೆಗೆ ದಶಕದ 2ರ ತಂತಿಯನ್ನೂ ಬಿಡಿಯ 4ರ ತಂತಿಯನ್ನೂ ಕೂಡಿಸಿದರೆ, 24 ಆದೊಡನೆ ಎರಡು ಸ್ಥಾನಗಳೂ ಸೊನ್ನೆಗೆ ಬರುತ್ತವೆ. ಸಿ.ಡಿ. 4081ರಲ್ಲಿ ನಾಲ್ಕು ಗೇಟುಗಳಿರುತ್ತವೆ. ನಮಗೆ ಬೇಕಾದುದು ಮೂರು.

ಅಂಕಿಗಳನ್ನು ಬೆಳಗಿಸುವ ಸಿ.ಡಿ. 4511 ಸ್ಥಾನಕ್ಕೊಂದರಂತೆ ಆರು ಬೇಕು. ಏಳು ಗೆರೆಗಳ ದೀಪದಲ್ಲಿ ಅದು 6ನ್ನು ತಲೆಯಿಲ್ಲದೆಯೂ 9ನ್ನು ಬಾಲವಿಲ್ಲದೆಯೂ ಬರೆಯುತ್ತದೆ. ಕೆಟ್ಟಿದೆಯೆಂದು ಬಗೆದು ಬಿಚ್ಚಬೇಡಿ. ಗೆರೆಗೊಂದು ರೆಸಿಸ್ಟರಿನಂತೆ 42 ರೆಸಿಸ್ಟರುಗಳನ್ನು ಬೆಸೆಯುವುದು ಈ ಕೆಲಸದಲ್ಲೆಲ್ಲ ಬೇಸರದ ಭಾಗ. ಪ್ರತಿ ಗೆರೆಯೂ 9 ಮಿಲಿಆಂಪಿಯರಿನಷ್ಟು ಎಳೆದರೆ, ಎಲ್ಲವೂ ಉರಿದಾಗ ಸುಮಾರು 380 ಮಿಲಿಆಂಪಿಯರ್. ಎಣಿಕೆಯ ಐ.ಸಿ.ಗಳಿಗೆ ಬೇಕಾದುದೋ ಅತ್ಯಲ್ಪ. 4511ರಲ್ಲಿ ದೀಪವನ್ನು ಆರಿಸುವ ಕಾಲೊಂದಿದೆ. ಕರೆಂಟ್ ಇಲ್ಲದಾಗ ಅದು ಅಂಕಿಗಳನ್ನು ಆರಿಸುವಂತೆ ಮಾಡಿ, ಉಳಿದ ಐ.ಸಿ.ಗಳಿಗೆ ಡಯೋಡಿನ ಮೂಲಕ ಬ್ಯಾಟರಿಯನ್ನು ಕೊಟ್ಟರೆ, ಕತ್ತಲಲ್ಲಿಯೂ ಎಣಿಕೆ ಸಾಗುತ್ತದೆ. ಹಳೆಯ ನಕ್ಷೆಗಳ 7490, 7447ಗಳಿಂದ ಇದು ಸುಲಭಸಾಧ್ಯವಲ್ಲ. ಅವು ದೀಪವಿಲ್ಲದಿದ್ದರೂ ಬ್ಯಾಟರಿಯನ್ನು ಬೇಗನೆ ಬರಿದು ಮಾಡುತ್ತವೆ. 230 ವೋಲ್ಟಿನ ಭಾಗವನ್ನು ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬಲ್ಲವರಿಗೆ ತೋರಿಸಿದ ಮೇಲೆಯೇ ಸ್ವಿಚ್ ಹಾಕಬೇಕು.

ಕಟ್ಟಿದ ಗಡಿಯಾರವನ್ನು ಸೂರ್ಯನನ್ನು ನೋಡಿ ಹೊಂದಿಸುವಂತಿಲ್ಲ. ಭಾರತದ ಕಾಲಮಾನ ಪೂರ್ವ ರೇಖಾಂಶ 82½ ಡಿಗ್ರಿಯದು. ನಾವು ಅದರಿಂದ ಪಶ್ಚಿಮಕ್ಕಿರುವುದರಿಂದ ಶಿಡ್ಲಘಟ್ಟದಲ್ಲಿ ಸೂರ್ಯ ನೆತ್ತಿಗೇರುವುದು ಸರಾಸರಿ 12 ಗಂಟೆ 18 ನಿಮಿಷದ ಸುಮಾರಿಗೆ. ದೇಶದ ಕಾಲವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೀಸಿಯಂ ಗಡಿಯಾರಗಳೂ ಎಣಿಸಿಯೇ ಹೊತ್ತು ಹೇಳುತ್ತವೆ. 1967ರ ನಿರ್ಣಯದಂತೆ ಅಲ್ಲಿ ಒಂದು ಸೆಕೆಂಡಿಗೆ 9,192,631,770 ಆವರ್ತ. ಆಕಾಶವಾಣಿಯ ಸಮಯಸೂಚಕ ನಾದಕ್ಕೆ ಸರಿಯಾಗಿ ಗಡಿಯಾರವನ್ನು ಹೊರಡಿಸಿ ಹತ್ತು ದಿನ ಬಿಡಿ. 5 ಸೆಕೆಂಡು ಮುಂದೆ ಹೋಗಿದ್ದರೆ ಹರಳು ಹತ್ತು ಲಕ್ಷಕ್ಕೆ ಸುಮಾರು 6ರಷ್ಟು ವೇಗವಾಗಿದೆಯೆಂದರ್ಥ. ಹರಳಿನ ಪಕ್ಕದ ಟ್ರಿಮ್ಮರ್ ಕೆಪಾಸಿಟರಿನ ಬೆಲೆಯನ್ನು ಕೂದಲೆಳೆಯಷ್ಟು ಹೆಚ್ಚಿಸಿ, ಮತ್ತೆ ಹತ್ತು ದಿನ ಕಾಯಬೇಕು.